ಪುಣೆ ಕನ್ನಡಿಗರ ಗುಂಪು: ರಸ್ತೆ ಜಗಳಕ್ಕೆ ವಕೀಲರ ಉತ್ತರ

ವಾಕಡ್ ಸದಸ್ಯ: ಸರ್, ಮೊನ್ನೆ ಚಾಂದನಿ ಚೌಕದ ಹತ್ತಿರ ಬೈಕಿನವನೊಬ್ಬ ಕಾರಿಗೆ ಅಡ್ಡ ಹಾಕಿ, ಕಿಟಕಿಯಿಂದ ಕಾಲರ್ ಹಿಡಿದು ಎರಡೇಟು ಕೊಟ್ಟ. ಆಮೇಲೆ ಬೈಕ್ ಹತ್ತೋಕೆ ಹೋದ. ನಾನು ಡಿಕ್ಕಿಯಿಂದ ವೀಲ್ ಸ್ಪ್ಯಾನರ್ ತಂದು ಅವನ ಕೈಗೆ ಹೊಡೆದೆ. ಈಗ ಅವನೇ ದೂರು ಕೊಟ್ಟಿದ್ದಾನೆ. ಇದು ಆತ್ಮರಕ್ಷಣೆ ಅಲ್ವಾ?

ವಕೀಲರು: ನಿಮ್ಮ ವಿಷಯ ಚಿಂತೆಯದ್ದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಾಲರ್ ಹಿಡಿದಾಗಲೇ ತಳ್ಳಿದ್ದರೆ, ಕೈ ತಿರುವಿ ಬಿಡಿಸಿಕೊಂಡಿದ್ದರೆ ಕಾನೂನು ನಿಮ್ಮ ಕಡೆ. ಭಾರತೀಯ ನ್ಯಾಯ ಸಂಹಿತೆಯ 40ನೇ ಕಲಂ ಪ್ರಕಾರ ಅಪಾಯದ ಭಯ ಇರುವವರೆಗೆ ಮಾತ್ರ ಈ ಹಕ್ಕು. ಅವನು ಬೆನ್ನು ತಿರುಗಿಸಿದ್ದ. ನೀವು ಇಳಿದು, ಹಿಂದೆ ಹೋಗಿ, ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ ಸ್ಪ್ಯಾನರ್ ಹುಡುಕಿದಿರಿ. ಪೊಲೀಸರು ಹಿಡಿಯೋದೇ ಅಲ್ಲಿ.

ನಿಮಗೆ ಉಳಿದಿರುವುದು 122ನೇ ಕಲಂ. ತೀವ್ರವಾಗಿ, ದಿಢೀರನೆ ಕೆರಳಿಸಿದಾಗ ಹೊಡೆದರೂ ತಪ್ಪು ತಪ್ಪೇ, ಆದರೆ ಶಿಕ್ಷೆ ಕಡಿಮೆ. ಸಣ್ಣ ಗಾಯಕ್ಕೆ ಹೆಚ್ಚೆಂದರೆ ಒಂದು ತಿಂಗಳು ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂಳೆ ಮುರಿದಿದ್ದರೆ ಜೈಲು 5 ವರ್ಷದವರೆಗೆ. ಇದನ್ನು ಒಪ್ಪದೆ, ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದಕ್ಕಿರುವ 118ನೇ ಕಲಂ ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿ. ಅವನ ಎಕ್ಸ್‌ರೇ ಮೇಲೆ ಎಲ್ಲ ನಿಂತಿದೆ.

ನಿಮ್ಮ ಕುತ್ತಿಗೆಯ ಗೀರು ಮಾಸುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಚೀಟಿ ಇಟ್ಟುಕೊಳ್ಳಿ. ನೀವೂ ದೂರು ಕೊಡಿ. ಡ್ಯಾಶ್‌ಕ್ಯಾಮ್ ಕಾರ್ಡ್ ತೆಗೆದಿಡಿ, ಒಂದು ಸೆಕೆಂಡೂ ಕತ್ತರಿಸಬೇಡಿ. ಇನ್ನು ಇಲ್ಲಿ ಏನೂ ಬರೆಯಬೇಡಿ.

ಕೋಥ್ರೂಡ್ ಸದಸ್ಯ: ತಾಯಿ ಹೆಸರೆತ್ತಿ ಬೈದರೆ ಹೊಡೀಬಹುದಾ?

ವಕೀಲರು: ಇಲ್ಲ. ಬೈಗುಳಕ್ಕೆ ದೂರು ಕೊಡಿ.

ಔಂಧ್ ಸದಸ್ಯೆ: ಫಾರ್ವರ್ಡ್ ಬಂದಿದೆ. ‘ಐಪಿಸಿ 100: ರಸ್ತೆಯಲ್ಲಿ ಅಡ್ಡಗಟ್ಟಿದವನನ್ನು ಕೊಂದರೂ ಕೇಸಿಲ್ಲ. ಕಾರಲ್ಲಿ ಖಾರದ ಪುಡಿ ಇಡಿ.’ ನಿಜಾನಾ?

ವಕೀಲರು: ಸುಳ್ಳು. ಮೊದಲು ಅಳಿಸಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ನ್ಯಾಯ ಸಂಹಿತೆ ಬಂದಿದೆ. ಐಪಿಸಿ 100ರ ಬದಲಿಗೆ ಈಗಿರುವ ಅದರ 38ನೇ ಕಲಂ ಆತ್ಮರಕ್ಷಣೆಗೆ ಕೊಲ್ಲೋದನ್ನು ಒಪ್ಪೋದು ಸಾವು, ಭಾರೀ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಭಯ ಇದ್ದಾಗ ಮಾತ್ರ. ಇದನ್ನು ನಂಬಿ ಯಾರಾದರೂ ಕೈ ಎತ್ತಿದರೆ ಜಾಮೀನಿಗೆ ಫಾರ್ವರ್ಡ್ ಮಾಡಿದವರು ಬರುತ್ತಾರಾ?

ಕಾತ್ರಜ್ ಸದಸ್ಯ: ಕೆಎ ಪ್ಲೇಟ್ ಕಂಡರೆ ಸಾಕು, ಇಲ್ಲಿ ಜಗಳ ತೆಗೆಯುತ್ತಾರೆ.

ಹಡಪ್ಸರ್ ಸದಸ್ಯ: ಸುಮ್ನೆ ಊರಿನ ಮೇಲೆ ಹಾಕಬೇಡಿ. ರಾಂಗ್ ಸೈಡಲ್ಲಿ ಬಂದರೆ ಯಾವ ಪ್ಲೇಟಿಗೂ ಬೈಯುತ್ತಾರೆ.

ಕಾತ್ರಜ್ ಸದಸ್ಯ: ನಾನು ರಾಂಗ್ ಸೈಡಲ್ಲಿ ಬಂದಿದ್ದನ್ನು ನೀವು ನೋಡಿದ್ರಾ?

ಹಡಪ್ಸರ್ ಸದಸ್ಯ: ನಿಮ್ಮ ಹೆಸರು ಎತ್ತಿದೆನಾ?

ಪಿಂಪ್ರಿ ಸದಸ್ಯ: ಜಗಳದಲ್ಲಿ ಒಡೆದ ಗಾಜಿಗೆ ಇನ್ಶೂರೆನ್ಸ್ ಸಿಗುತ್ತಾ?

ಕಾತ್ರಜ್ ಸದಸ್ಯ: ಮೊದಲು ಇವರು ಕ್ಷಮೆ ಕೇಳಲಿ.

ಬಾಣೇರ್ ಸದಸ್ಯ: ಸರ್, ಕೆಟ್ಟದಾಗಿ ಬೈದರೆ ಒಂದೇಟು ಹಾಕಬಹುದಾ?

ವಕೀಲರು: ಮೇಲೆ ಓದಿ. ಗಾಜು ಏರಿಸಿ, ಲಾಕ್ ಹಾಕಿ, 112ಕ್ಕೆ ಫೋನ್ ಮಾಡಿ.

ಹಡಪ್ಸರ್ ಸದಸ್ಯ: ಕ್ಷಮೆ ಯಾತಕ್ಕೆ?

ವಾಕಡ್ ಸದಸ್ಯ: ಸರ್, ನಾನು ದುಡ್ಡು ಕೊಟ್ಟರೆ ರಾಜಿ ಅಂತಿದ್ದಾನೆ ಆ ಬೈಕಿನವನು. ಸಂಜೆ ಹೋಗ್ಲಾ?

ವಕೀಲರು: ಬೇಡ. ಇಲ್ಲಿ ಬರೆಯಬೇಡಿ ಅಂದಿದ್ದೆ. ಈಗಲೇ ಫೋನ್ ಮಾಡಿ.