ಸಹಾಯ ಬೇಕು: ಮಿಷನ್ ಕೆಲಸದ ಬಗ್ಗೆ ಎಸ್‌ಎಸ್‌ಬಿಯಲ್ಲಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು, ವಯಸ್ಸು 22. ಬಿಎ ಮುಗಿಸಿ ಜಾರ್ಖಂಡ್‌ನ ಹಳ್ಳಿಯೊಂದರ ಚರ್ಚ್ ಮಿಷನ್ ಶಾಲೆಯಲ್ಲಿ ಪಾಠ ಮಾಡಿದೆ. ಈಗ ಸೇನೆಯಲ್ಲಿ ಅಧಿಕಾರಿಯಾಗಬೇಕು ಅಂತ ತೀರ್ಮಾನಿಸಿದ್ದೇನೆ. "ಸೇವೆ ಮಾಡೋನಿಗೆ ಬಂದೂಕು ಯಾಕೆ?" ಅಂತ ಮನೆಯಲ್ಲಿ ಕೇಳುತ್ತಾರೆ. ನನಗೇನೋ ಎರಡೂ ಸೇವೆಯೇ.

ಯುಪಿಎಸ್‌ಸಿ ನಡೆಸುವ ಸಿಡಿಎಸ್‌ಗೆ, ಅಂದರೆ ಸೇನಾ ಅಧಿಕಾರಿಗಳ ಆಯ್ಕೆಯ ಲಿಖಿತ ಪರೀಕ್ಷೆಗೆ ಓದುತ್ತಿದ್ದೇನೆ. ಗಣಿತ ನನಗೆ ಕಬ್ಬಿಣದ ಕಡಲೆ. ಹಾಗಾಗಿ ಡೆಹ್ರಾಡೂನ್‌ನ ಐಎಂಎ (ಸೇನಾ ಅಕಾಡೆಮಿ) ಬಿಟ್ಟು, ಗಣಿತ ಪತ್ರಿಕೆ ಇಲ್ಲದ ಚೆನ್ನೈ ಓಟಿಎ (ಅಧಿಕಾರಿಗಳ ತರಬೇತಿ ಅಕಾಡೆಮಿ) ಹಿಡಿದಿದ್ದೇನೆ. ಅದು ಶಾರ್ಟ್ ಸರ್ವಿಸ್, 10 ವರ್ಷ, ಬೇಕಾದರೆ ಇನ್ನೂ 4 ವರ್ಷ. ಅದರ ಬಗ್ಗೆ ಗೊಂದಲವಿಲ್ಲ.

ಗೊಂದಲ ಇರುವುದು ಎಸ್‌ಎಸ್‌ಬಿ ಸಂದರ್ಶನದ್ದು. "ಮಿಷನ್ ಬಿಟ್ಟು ಇಲ್ಲಿಗೆ ಯಾಕೆ?" ಅಂತ ಕೇಳೇ ಕೇಳ್ತಾರಂತೆ. ಊರಿನ ನಿವೃತ್ತ ಸುಬೇದಾರರನ್ನು ವಿಚಾರಿಸಿದೆ, ಸುಮ್ನೆ ಶಿಕ್ಷಕ ಅಂತ ಹೇಳಿಬಿಡು ಅಂದರು. ಕೋಚಿಂಗ್‌ನವರು ಎಲ್ಲವನ್ನೂ ಬಿಚ್ಚಿ ಹೇಳು ಅಂದರು. ಕನ್ನಡಿ ಮುಂದೆ ಎರಡನ್ನೂ ಹೇಳಿ ನೋಡಿದೆ. ಮೊದಲನೆಯದು ಮುಚ್ಚಿಟ್ಟ ಹಾಗಿದೆ, ಎರಡನೆಯದು ಪ್ರವಚನದ ಹಾಗೆ ಕೇಳುತ್ತದೆ! ಅಲ್ಲಿ ಮನಶ್ಶಾಸ್ತ್ರ ಪರೀಕ್ಷೆಯೂ ಇರುತ್ತದಲ್ವಾ, ಬರೆದದ್ದಕ್ಕೂ ಆಡಿದ ಮಾತಿಗೂ ತಾಳೆ ಆಗಬೇಕು.

ಎಸ್‌ಎಸ್‌ಬಿ ಎದುರಿಸಿದವರು ದಯವಿಟ್ಟು ಹೇಳಿ: ಮಿಷನ್ ಕೆಲಸವನ್ನು ನಾನೇ ಮೊದಲು ಹೇಳಬೇಕಾ, ಅಥವಾ ಅವರು ಕೇಳಿದಾಗ ಮಾತ್ರ ಸಾಕಾ?