ಉಗ್ರಾಣದ ಬೀಗದ ಕೈ ತೆಗೆದುಕೊಳ್ಳಲೇ?

ಕೇಳಿದವರು, ಎಂ.ಎ. ಎರಡನೇ ವರ್ಷ:

ರಾಜ್ಯದ ಒಂದು ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿದ್ದೇನೆ. ಒಟ್ಟು 170 ಜನ. ಮೆಸ್ ನಡೆಯುವುದು ಡಿವೈಡಿಂಗ್ ಪದ್ಧತಿಯಲ್ಲಿ, ಅಂದರೆ ತಿಂಗಳ ಖರ್ಚನ್ನು ಉಂಡವರೇ ಹಂಚಿಕೊಳ್ಳುವುದು. ಮೊನ್ನೆಯ ಸಭೆಯಲ್ಲಿ ಯಾರೂ ಕೈ ಎತ್ತದಿದ್ದಾಗ ಎಲ್ಲರೂ ನನ್ನ ಕಡೆ ತಿರುಗಿದರು, ವಾರ್ಡನ್ ಸರ್ ‘ಇವನೇ ಆಗಲಿ’ ಎಂದುಬಿಟ್ಟರು. ಈಗ ನಾನು ವಿದ್ಯಾರ್ಥಿ ಕಾರ್ಯದರ್ಶಿ. ಅಂದರೆ ಮೆಸ್ಸಿನ ಲೆಕ್ಕವೂ ನನ್ನದು, ಹೊಸ ಹುಡುಗರ ಜಗಳವೂ ನನ್ನದು. ಸೋಮವಾರ ಉಗ್ರಾಣದ ಬೀಗದ ಕೈ ಕೊಡುತ್ತಾರೆ. ಡಿಸೆಂಬರಿನಲ್ಲಿ ಉಪನ್ಯಾಸಕ ಹುದ್ದೆಯ ಅರ್ಹತೆಗಾಗಿ ನೆಟ್ ಪರೀಕ್ಷೆ ಬರೆಯಬೇಕು. ತೆಗೆದುಕೊಳ್ಳಲೇ, ಬೇಡವೇ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಒಂದು ವರ್ಷ ಕಾರ್ಯದರ್ಶಿಯಾಗಿದ್ದವರು:

ಬೇಡ ಎನ್ನಿ. ನನ್ನ ನೆಟ್ ಪರೀಕ್ಷೆಯ ಹಿಂದಿನ ರಾತ್ರಿ ಮೆಸ್ಸಿನ ಸಿಲಿಂಡರ್ ಮುಗಿಯಿತು. ಹನ್ನೊಂದೂವರೆಗೆ ಗ್ಯಾಸ್ ಏಜೆನ್ಸಿಯವರ ಮನೆ ಬಾಗಿಲು ತಟ್ಟುತ್ತಿದ್ದೆ. ಪರೀಕ್ಷೆಯೂ ಕೈಬಿಟ್ಟಿತು, ಬೆಳಗಿನ ಉಪ್ಪಿಟ್ಟೂ ಹೊತ್ತಿಗೆ ಆಗಲಿಲ್ಲ.

ಉತ್ತರ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು, 2014ರಲ್ಲಿ ಮೆಸ್ ಸೆಕ್ರೆಟರಿ:

ಸಿಲಿಂಡರ್ ಮುಗಿಯುವುದು ಸೆಕ್ರೆಟರಿಯ ಹಣೆಬರಹವಲ್ಲ, ಎಣಿಸದೇ ಇದ್ದುದರ ಫಲ. ಅವರು ಬೇಸರ ಮಾಡಿಕೊಳ್ಳಬಾರದು.

ತಮ್ಮಾ, ನೀನು ತೆಗೆದುಕೋ. ಆದರೆ ಬೀಗದ ಕೈಯನ್ನು ಸುಮ್ಮನೆ ಕಿಸೆಗೆ ಇಳಿಸಬೇಡ. ಹಿಂದಿನವನನ್ನು ಜೊತೆಗೆ ನಿಲ್ಲಿಸಿಕೊಂಡು ಉಗ್ರಾಣದ ಪ್ರತಿ ಚೀಲವನ್ನೂ ತೂಗಿಸು. ರಿಜಿಸ್ಟರ್ ಒಂದು ಹೇಳಿ ತಕ್ಕಡಿ ಇನ್ನೊಂದು ಹೇಳಿದರೆ ತಕ್ಕಡಿಯದನ್ನೇ ಬರೆದು ಇಬ್ಬರೂ ಸಹಿ ಮಾಡಿ. ನಾನು ತೂಗಲಿಲ್ಲ. ಹಿಂದಿನವನು ನಮ್ಮ ಊರಿನ ಕಡೆಯವನು, ಹೇಗೆ ಕೇಳುವುದು ಎಂಬ ಸಂಕೋಚ. ತಿಂಗಳ ಕೊನೆಗೆ ಎರಡು ಚೀಲ ಅಕ್ಕಿ ನನ್ನ ತಲೆಗೆ ಬಂತು.

ಡಿವೈಡಿಂಗ್ ಲೆಕ್ಕ ಮೇಲುನೋಟಕ್ಕೆ ಸುಲಭ. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸಿದರೆ ದಿನದ ದರ. ಜಗಳ ಹುಟ್ಟುವುದು ಹಬ್ಬದ ತಿಂಗಳಲ್ಲಿ. ನಮ್ಮಲ್ಲಿ 160 ಜನ, 30 ದಿನಕ್ಕೆ 4,800 ಊಟದ ದಿನಗಳು. ದಿನಸಿ, ಕಾಯಿಪಲ್ಲೆ, ಹಾಲು ಸೇರಿ ತಲೆಗೆ ದಿನಕ್ಕೆ 62 ರೂಪಾಯಿ. ಅಡುಗೆಯವರ ಸಂಬಳ ಮತ್ತು ಜನ ಎಷ್ಟಿದ್ದರೂ ತಪ್ಪದ ಇತರ ಖರ್ಚು ತಿಂಗಳಿಗೆ 1,10,000. ದರ 85 ರೂಪಾಯಿಯ ಆಸುಪಾಸು ಇರುತ್ತಿತ್ತು. ದಸರೆಗೆ ಹುಡುಗರು ಊರಿಗೆ ಹೋದರು, 1,200 ದಿನಗಳ ಮೆಸ್ ಕಟ್ ಆಯಿತು, ಅಂದರೆ ಅಷ್ಟು ಊಟದ ದಿನಗಳು ಲೆಕ್ಕದಿಂದ ಬಿಟ್ಟುಹೋದವು. ದಿನಸಿಯ ಖರ್ಚು ಇಳಿಯಿತು, ಸಂಬಳ ಇಳಿಯಲಿಲ್ಲ. ದರ 93ಕ್ಕೆ ಹೋಯಿತು. ಬಸ್ಸಿನ ಹಣ ಉಳಿಸಲೆಂದು ಊರಿಗೆ ಹೋಗದೆ ಇದ್ದವರೇ ಹೆಚ್ಚು ತೆರಬೇಕಾಯಿತು. ಸೆಕ್ರೆಟರಿ ತಿಂದ ಎಂದು ಅವರು ಆಡಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಮುಂದಿನ ತಿಂಗಳಿನಿಂದ ಸಂಬಳದಂಥ ಖರ್ಚನ್ನು 160 ತಲೆಗೂ ಸಮನಾಗಿ ಹಂಚಿ, ಊಟದ ಖರ್ಚನ್ನು ಮಾತ್ರ ದಿನದ ಲೆಕ್ಕಕ್ಕೆ ತಂದೆವು. ಇದಕ್ಕೆ ಸಭೆಯ ಒಪ್ಪಿಗೆ, ವಾರ್ಡನ್ ಸಹಿ ಎರಡೂ ಬೇಕು. ಊರಿಗೆ ಹೋಗುವವರು ಗೊಣಗುತ್ತಾರೆ. ಗೊಣಗಲಿ.

ಸಂತೆಯಲ್ಲಿ ಕಾಯಿಪಲ್ಲೆಗೆ ಬಿಲ್ ಸಿಗುವುದಿಲ್ಲ. ಆದ್ದರಿಂದ ಒಬ್ಬನೇ ಹೋಗಬೇಡ. ಪ್ರತಿ ವಾರ ಬೇರೆ ಬೇರೆ ಹುಡುಗನನ್ನು ಕರೆದುಕೊಂಡು ಹೋಗಿ ಚೀಟಿಗೆ ಅವನ ಸಹಿಯನ್ನೂ ಹಾಕಿಸು. ಒಮ್ಮೆ ಚೀಲ ಹೊತ್ತು ಬಂದವನು ಆಮೇಲೆ ಟೊಮೆಟೊ ದರದ ಬಗ್ಗೆ ಬಾಯಿ ಬಿಡುವುದಿಲ್ಲ. ದಿನಸಿ ಅಂಗಡಿಯವರು ದೀಪಾವಳಿಗೆ ಮಿಠಾಯಿ ಪೆಟ್ಟಿಗೆಯ ಜೊತೆ ಖಾಲಿ ಬಿಲ್ಲಿನ ಪುಸ್ತಕವನ್ನೂ ಕೊಡಲು ಬರಬಹುದು. ಮಿಠಾಯಿಯನ್ನು ಊಟದ ಕೋಣೆಯಲ್ಲಿ ಎಲ್ಲರಿಗೂ ಹಂಚು, ಪುಸ್ತಕವನ್ನು ಅಲ್ಲೇ ವಾಪಸು ಕೊಡು.

ಅಡುಗೆಯ ಹಿರಿಯರೊಂದಿಗೆ ಮೊದಲ ವಾರವೇ ಕಾನೂನು ಮಾತನಾಡಬೇಡ. ನಮ್ಮ ಕಾಕಾ ಆ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತವರು, ನಾನು ಇಪ್ಪತ್ತೆರಡರ ಹುಡುಗ. ಶುಕ್ರವಾರ ರಾತ್ರಿ ಎಷ್ಟು ಜನ ಊಟಕ್ಕೆ ಬರುವುದಿಲ್ಲ ಎಂಬುದು ನನ್ನ ಹಾಜರಿ ಪಟ್ಟಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಮೂರು ತಿಂಗಳ ಮೆಸ್ ಬಾಕಿ ಉಳಿಸಿಕೊಂಡವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚಿದೆ. ಅಂಗಡಿಯ ಸಾಲ ತೀರಿಸಲೇಬೇಕಿತ್ತು, ನಿಜ. ಹನ್ನೊಂದು ಹೆಸರುಗಳಲ್ಲಿ ಒಂಬತ್ತು ಜನರದು ವಿದ್ಯಾರ್ಥಿವೇತನ ಬಾರದ ಕಾರಣದ ಬಾಕಿ. ಅವರಲ್ಲಿ ಒಬ್ಬ ಮರುದಿನದಿಂದ ಊಟದ ಕೋಣೆಗೆ ಬರಲಿಲ್ಲ. ಚಹಾದಂಗಡಿಯಲ್ಲಿ ಬನ್ನು ತಿಂದು ದಿನ ಕಳೆಯುತ್ತಿದ್ದಾನೆಂದು ಹೇಳಿದವರು ಕಾಕಾ. ನಾನೇ ಅವನ ಕೋಣೆಗೆ ಹೋಗಿ ಕರೆದೆ, ಬರಲಿಲ್ಲ. ಕಾಕಾ ತಟ್ಟೆ ಹಿಡಿದು ಹೋದ ಮೇಲೆ ಬಂದ. ಆ ಪಟ್ಟಿಯನ್ನು ಹರಿದು ಹಾಕಿ, ಒಂಬತ್ತು ಜನರ ಅರ್ಜಿಗಳ ಪ್ರತಿ ಹಿಡಿದು ವಾರ್ಡನ್ ಬಳಿ ಹೋದೆ. ವೇತನ ಬಂದ ಮೇಲೆ ಕಟ್ಟುತ್ತೇವೆಂದು ಮುಚ್ಚಳಿಕೆ ಬರೆಸಿಕೊಂಡು ಅವಧಿ ಕೊಟ್ಟರು. ಈಗಿನ ಹುಡುಗರದಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತಿರುವುದೂ ಉಂಟು. ಬಾಕಿ ಕೇಳುವ ಮೊದಲು ಅದನ್ನು ಕೇಳು.

ಹುಡುಗಿಯರ ಹಾಸ್ಟೆಲ್ಲಿನಲ್ಲಿ ಪ್ರತಿನಿಧಿಯಾಗಿದ್ದವರು:

ನಮ್ಮಲ್ಲಿ ಅನ್ನ ಸಾರಿಗಿಂತ ಗೇಟೇ ದೊಡ್ಡ ವಿಷಯ. ಗೇಟು ಎಂಟಕ್ಕೆ ಮುಚ್ಚುತ್ತಿತ್ತು, ಗ್ರಂಥಾಲಯ ಹತ್ತರವರೆಗೆ ತೆರೆದಿರುತ್ತಿತ್ತು. ನನಗಿಂತ ಮೊದಲಿದ್ದವರು ಎರಡು ವರ್ಷ ಘೋಷಣೆ ಕೂಗಿದ್ದರು. ನನಗೆ ಕೂಗಲು ಬರುವುದಿಲ್ಲ. ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಹೊರಹೋದ ಸಮಯದ ಅಂಕಣವನ್ನು ಹದಿನೈದು ದಿನ ನೋಡಿದೆ. ಹುಡುಗಿಯರ ಸಹಿಗಳು ಏಳೂಮುಕ್ಕಾಲಿಗೆ ನಿಂತುಹೋಗುತ್ತಿದ್ದವು, ಆಮೇಲೆ ಹತ್ತರವರೆಗೆ ಬರೀ ಹುಡುಗರು. ಆ ಎಣಿಕೆಯನ್ನೇ ಅರ್ಜಿಗೆ ಲಗತ್ತಿಸಿದೆವು. ಹೆಸರು ಬರೆಸಿ ಹೋಗಬೇಕೆಂಬ ಷರತ್ತಿನ ಮೇಲೆ ಒಂಬತ್ತೂವರೆಯವರೆಗೆ ಅನುಮತಿ ಸಿಕ್ಕಿತು. ಕೆಲವರು ನನ್ನನ್ನು ವಾರ್ಡನ್ನರ ಚೇಲಾ ಎಂದರು. ಆದರೆ ಅವರು ಎರಡು ವರ್ಷ ಕೂಗದೇ ಇದ್ದಿದ್ದರೆ ನನ್ನ ಅರ್ಜಿಯನ್ನು ಯಾರೂ ಓದುತ್ತಿರಲಿಲ್ಲ.

ನಿಮಗೆ ಹೇಳಬೇಕಾದದ್ದು ಬೇರೆ ಇದೆ. 2019ರಲ್ಲಿ ಒಬ್ಬ ಜೂನಿಯರ್ ರಾತ್ರಿ ನನ್ನ ಕೋಣೆಗೆ ಬಂದು, ‘ಅಕ್ಕಾ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ’ ಎಂದಳು. ಮಾಡಿದೆ. ಆಮೇಲೆ ಅವಳು ಹೇಳಿದ್ದು, ತನಗೆ ಬದುಕುವುದು ಬೇಡವಾಗಿದೆ ಎಂದು. ಆಣೆಗೂ ಅವಳ ಜೀವಕ್ಕೂ ನಡುವೆ ಆ ಇಡೀ ರಾತ್ರಿ ಅವಳ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿದ್ದೆ. ಬೆಳಿಗ್ಗೆ ಆಣೆ ಮುರಿದೆ, ವಾರ್ಡನ್ ಮೇಡಂಗೆ ಹೇಳಿದೆ, ಅವಳ ಅಮ್ಮ ಬಂದರು, ಚಿಕಿತ್ಸೆಯಾಯಿತು. ಅವಳು ಎರಡು ತಿಂಗಳು ನನ್ನೊಂದಿಗೆ ಮಾತನಾಡಲಿಲ್ಲ. ಈಗ ಮಾತನಾಡುತ್ತಾಳೆ. ರಾತ್ರಿಯೇ ಹೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಆಗ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಇರಲಿಲ್ಲ. 2022ರ ಅಕ್ಟೋಬರಿನಿಂದ ಇದೆ, ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆ ಸಂಖ್ಯೆಯನ್ನು ಆಂಬುಲೆನ್ಸಿನ 108ರ ಪಕ್ಕದಲ್ಲೇ, ಪ್ರತಿ ಮಹಡಿಯ ನೀರಿನ ಫಿಲ್ಟರ್ ಮೇಲೆ ಅಂಟಿಸಿ. ನೋಟಿಸ್ ಬೋರ್ಡನ್ನು ಯಾರೂ ಓದುವುದಿಲ್ಲ, ನೀರಿಗೆ ಎಲ್ಲರೂ ಬರುತ್ತಾರೆ.

ಅಮೆರಿಕದಲ್ಲಿ ಎರಡು ವರ್ಷ ಆರ್‌ಎ ಆಗಿದ್ದ ಮೈಸೂರಿನವರು:

ಅಕ್ಕ ಹೇಳಿದ ಆಣೆಯ ಸಂಗತಿಗೆ ಅಲ್ಲಿ ಒಂದು ರೂಢಿ ಇದೆ. ಆರ್‌ಎ, ಅಂದರೆ ರೆಸಿಡೆಂಟ್ ಅಸಿಸ್ಟೆಂಟ್, ಒಂದು ಮಹಡಿಯ ಹುಡುಗರನ್ನು ನೋಡಿಕೊಳ್ಳುವ ವಿದ್ಯಾರ್ಥಿ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿ ತನ್ನ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದಳು. ಅದರಿಂದಾಗಿ 1990ರಲ್ಲಿ ಬಂದ ಕಾನೂನಿಗೆ ಅವಳದೇ ಹೆಸರು. ಅದರಡಿ ಆರ್‌ಎಗಳು ಸಾಮಾನ್ಯವಾಗಿ ತಮ್ಮ ಕಿವಿಗೆ ಬಿದ್ದ ಅಪರಾಧವನ್ನು ಮೇಲಿನವರಿಗೆ ತಿಳಿಸಲೇಬೇಕಾದವರು. ಹಾಗಾಗಿ ತರಬೇತಿಯಲ್ಲಿ ಮೊದಲು ಬಾಯಿಪಾಠ ಮಾಡಿಸಿದ ಮಾತು ಇದು: ‘ನೀನು ಹೇಳುವ ಮೊದಲು ಒಂದು ವಿಷಯ. ಕೆಲವು ಸಂಗತಿಗಳನ್ನು ನಾನು ಗುಟ್ಟಾಗಿ ಇಡಲಾರೆ. ಆದರೂ ಹೇಳಿದರೆ ನಿನ್ನ ಜೊತೆ ಇರುತ್ತೇನೆ.’ ಇಷ್ಟು ಹೇಳಿದರೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಹೆದರಿದ್ದೆ. ಬಹುತೇಕರು ಹೇಳಿಯೇ ಹೇಳಿದರು.

ಅಲ್ಲಿಂದ ನೀವು ತರಬಹುದಾದ ಇನ್ನೊಂದು, ಕೋಣೆಯ ಒಪ್ಪಂದ. ಸೇರಿದ ಮೊದಲ ವಾರವೇ ಒಂದು ಕೋಣೆಯವರು ದೀಪ ಎಷ್ಟಕ್ಕೆ ಆರಬೇಕು, ಹೊರಗಿನವರು ಬಂದರೆ ಎಲ್ಲಿ ಮಲಗಬೇಕು, ಯಾರ ಬಕೆಟ್ಟು ಯಾರದು ಎಂದು ಬರೆದು ಸಹಿ ಹಾಕುತ್ತಾರೆ. ನಗು ಬರುತ್ತದೆ. ಜನವರಿಯ ಹೊತ್ತಿಗೆ ಆ ಹಾಳೆಯೇ ಕೈ ಹಿಡಿಯುತ್ತದೆ. ಅಂದಹಾಗೆ, ನನಗೆ ಕೋಣೆ ಬಾಡಿಗೆ, ಊಟ ಎರಡೂ ಉಚಿತವಾಗಿದ್ದವು. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಓದಿನ ಅವಧಿಯಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು. ಅಲ್ಲಿಗೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇರೆ ಕೆಲಸ ಒಪ್ಪುವ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಕೊಳ್ಳಿ.

ನಿವೃತ್ತ ಪ್ರಾಧ್ಯಾಪಕರು, ಆರು ವರ್ಷ ವಾರ್ಡನ್:

ನಿಮ್ಮ ವಾರ್ಡನ್ನರೂ ಪಾಠ ಮಾಡಿ, ಉತ್ತರಪತ್ರಿಕೆ ತಿದ್ದಿ, ಉಳಿದ ಹೊತ್ತಿನಲ್ಲಿ ಹಾಸ್ಟೆಲ್ ನೋಡುವವರು. ಕಾರಿಡಾರಿನಲ್ಲಿ ತಡೆದು ಹೇಳಿದ್ದನ್ನು ನಾನೂ ಮರೆಯುತ್ತಿದ್ದೆ. ನೀರಿನ ಟ್ಯಾಂಕು ಸೋರಿದರೂ ಅರ್ಜಿ ಬರೆಯಿರಿ, ಕಚೇರಿಯಲ್ಲಿ ಆವಕ ಸಂಖ್ಯೆ ಹಾಕಿಸಿ, ಪ್ರತಿ ಇಟ್ಟುಕೊಳ್ಳಿ.

ರ‍್ಯಾಗಿಂಗ್ ವಿಷಯದಲ್ಲಿ ಮಾತ್ರ ‘ನಾವೇ ಕೂತು ಬಗೆಹರಿಸೋಣ’ ಎನ್ನುವ ದೊಡ್ಡಸ್ತಿಕೆ ಬೇಡ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2009ರ ನಿಯಮದಲ್ಲಿ, ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಅವಕಾಶವಿದೆ. ನೀವು ಮುಚ್ಚಿಟ್ಟ ಹೆಸರಿಗಾಗಿ ಇಡೀ ಮಹಡಿಯವರು ಶಿಕ್ಷೆ ಉಣ್ಣಬಹುದು. ಹೊಸಬರಿಗೆ ರ‍್ಯಾಗಿಂಗ್ ದೂರಿನ 1800-180-5522 ಎಂಬ ಉಚಿತ ಸಂಖ್ಯೆಯನ್ನು ಮೊದಲ ದಿನವೇ ನೀವೇ ಕೊಡಿ. ಹಿರಿಯ ವಿದ್ಯಾರ್ಥಿಯ ಕೈಯಿಂದ ಆ ಸಂಖ್ಯೆ ಬಂದರೆ ಅದರ ತೂಕವೇ ಬೇರೆ. ಅದೇ ನಿಯಮದಲ್ಲಿ ಆರು ಹೊಸಬರಿಗೆ ಒಬ್ಬ ಮಾರ್ಗದರ್ಶಿ ಎಂಬ ಮಾತೂ ಇದೆ. ಕಾಗದದಲ್ಲೇ ಉಳಿದಿರುವ ಕಡೆಯೇ ಹೆಚ್ಚು. ನಿಮ್ಮ 170 ಜನರಲ್ಲಿ ಹೊಸಬರು 60 ಇದ್ದರೆ ಹತ್ತು ಜನ ಒಳ್ಳೆಯ ಸೀನಿಯರ್‌ಗಳನ್ನು ಹುಡುಕಿದರೆ ಸಾಕು. ನಿಮ್ಮ ನೆಟ್ ಓದಿಗೂ ರಾತ್ರಿ ಬಿಡುವಾಗುತ್ತದೆ.

ಕೇಳಿದವರು, ಮಂಗಳವಾರ:

ಎಲ್ಲರಿಗೂ ನಮಸ್ಕಾರ. ನಿನ್ನೆ ಬೀಗದ ಕೈ ತೆಗೆದುಕೊಂಡೆ. ತಕ್ಕಡಿ ತರಿಸಿದಾಗ ಹಿಂದಿನ ಕಾರ್ಯದರ್ಶಿಯ ಮುಖ ಸಣ್ಣಗಾಯಿತು, ನನ್ನದೂ ಆಯಿತು. ರಿಜಿಸ್ಟರಿನಲ್ಲಿ ತೊಗರಿಬೇಳೆ 42 ಕೆ.ಜಿ. ಇತ್ತು, ತೂಗಿದಾಗ 31. ಅಡುಗೆಯ ಅಣ್ಣ ನಡುವೆ ಬಂದು, ಯುಗಾದಿಯ ಹೋಳಿಗೆಗೆ ಕೊಟ್ಟದ್ದನ್ನು ಬರೆದೇ ಇಲ್ಲ ಎಂದು ನೆನಪಿಸಿದರು. ಅದು ಹೋಳಿಗೆಗೆ ಹೋಗುವ ಕಡಲೆಬೇಳೆಯಲ್ಲವೇ ಎಂದು ಕೇಳಿದೆ. ನಮ್ಮ ಕಡೆ ತೊಗರಿಬೇಳೆಯದೇ ಮಾಡುತ್ತಾರೆ ಎಂದರು. 31 ಎಂದೇ ಬರೆದು ಮೂವರೂ ಸಹಿ ಹಾಕಿದೆವು. ಸಿಲಿಂಡರ್ ನಾಲ್ಕು ಇವೆ, ಎರಡು ತುಂಬಿದವು.