ಮರು: ಪ್ರೊಸೆಸರ್ ‘ವಲ್ನರಬಿಲಿಟಿ’ಗೆ ಏನನ್ನಬೇಕು? ನಾಳೆಯೇ ನೋಟಿಸ್ ಅಂಟಿಸಬೇಕು

> ಜಯನಗರದ ನಮ್ಮ ಕಂಪ್ಯೂಟರ್ ಲ್ಯಾಬ್‌ಗೆ ನಾಳೆ ಬೆಳಿಗ್ಗೆ ನೋಟಿಸ್ ಬೇಕು. ಸ್ಪೆಕ್ಟರ್, ಮೆಲ್ಟ್‌ಡೌನ್ ಥರದ ವಲ್ನರಬಿಲಿಟಿಗಳಿಗೆ (ಪ್ರೊಸೆಸರ್‌ನಿಂದ ಗುಟ್ಟಿನ ಮಾಹಿತಿ ಕದಿಯಲು ಆಸ್ಪದ ಕೊಡುವ ದೋಷಗಳಿಗೆ) ಮಿಟಿಗೇಶನ್ (ಅಪಾಯ ತಗ್ಗಿಸುವ ಕ್ರಮ) ಹಾಕುತ್ತಿದ್ದೇವೆ. ಎರಡಕ್ಕೂ ಕನ್ನಡ ಪದ ತಿಳಿಸಿ.

>> ‘ದುರ್ಬಲತೆ’, ‘ಪರಿಹಾರ’. ಇಷ್ಟೇ.

ಎರಡೂ ತಪ್ಪು.

ದುರ್ಬಲತೆ ಅಂದರೆ ಬಲ ಸಾಲದಿರುವುದು. ಇಲ್ಲಿ ಪ್ರೊಸೆಸರ್ ಚಿಪ್‌ಗೆ ಯಾವ ಬಲ ಕಮ್ಮಿಯಾಗಿತ್ತು? ಪ್ರೋಗ್ರಾಮ್ ಮುಂದೆ ಯಾವ ಕಡೆ ತಿರುಗುತ್ತದೆ ಅಂತ ಗೊತ್ತಾಗುವ ಮೊದಲೇ ಪ್ರೊಸೆಸರ್ ಊಹಿಸಿ ಕೆಲಸ ಶುರು ಮಾಡುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನು ಬಿಟ್ಟುಬಿಡುತ್ತದೆ. ಆದರೆ ಅದರ ಗುರುತು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಬೇಗ ಸಿಗುವ ಮೆಮೊರಿಯಲ್ಲಿ, ಉಳಿದಿರುತ್ತದೆ. ಯಾವ ಮಾಹಿತಿ ಬೇಗ ಸಿಕ್ಕಿತು, ಯಾವುದು ತಡವಾಯಿತು ಅಂತ ಅಳೆದೇ ಕಳ್ಳ ಪ್ರೋಗ್ರಾಮ್ ಗುಟ್ಟನ್ನು ಓದಿಕೊಳ್ಳುತ್ತದೆ. 2018ರ ಜನವರಿಯಲ್ಲಿ ಬಯಲಾದದ್ದು ಇದೇ ಅಲ್ವಾ? ವೇಗಕ್ಕೆಂದು ಬೇಕಂತಲೇ ಮಾಡಿಟ್ಟ ದಾರಿಯಲ್ಲೇ ಗುಟ್ಟು ಸೋರಿತು. ಹಾಗಾಗಿ ‘ಬಿರುಕು’ ಕೂಡ ಹೊಂದುವುದಿಲ್ಲ. ಬಿರುಕು ತಾನಾಗಿ ಬಿಡುವಂಥದ್ದು.

‘ಕಿಂಡಿ’ ಅನ್ನಿ. ಹಳೆಯ ಮನೆಗಳ ಬೆಳಕಿಂಡಿ ನೋಡಿದ್ದೀರಲ್ಲ? ಬೆಳಕಿಗೆಂದು ನಾವೇ ಇಟ್ಟದ್ದು. ಹೊರಗಿನವರ ಕಣ್ಣು ತೂರುವುದೂ ಅಲ್ಲಿಂದಲೇ. ಕನಕನ ಕಿಂಡಿ, ಕಿಂಡಿ ಅಣೆಕಟ್ಟು, ಎಲ್ಲಿ ನೋಡಿದರೂ ಈ ಪದಕ್ಕೆ ನೋಟವೋ ನೀರೋ ಹಾದುಹೋಗುವ ತೆರಪು ಅನ್ನುವ ಅರ್ಥವೇ ಇದೆ. ಇಷ್ಟು ಒಪ್ಪುವ ಪದ ಕೈಯಲ್ಲೇ ಇರುವಾಗ ಬೇರೆ ಹುಡುಕುವುದು ಯಾಕೆ?

ಅಣೆಕಟ್ಟಿನ ಕಿಂಡಿಗೆ ಹಲಗೆ ಇಳಿಸಿ ನೀರು ತಡೆಯುತ್ತಾರೆ. ಮಿಟಿಗೇಶನ್‌ಗೂ ‘ತಡೆ’ ಸಾಕು. ‘ಪರಿಹಾರ’ ಅಂದರೆ ತೊಂದರೆ ಪೂರ್ತಿ ಹೋಯಿತು ಅಂತ ಜನ ನಂಬುತ್ತಾರೆ. ತಡೆ ಹಾಕಿದಾಗ ಮೈಕ್ರೋಕೋಡ್ (ಚಿಪ್‌ನೊಳಗಿನ ಸೂಚನೆಗಳು) ಹೊಸದಾಗುತ್ತದೆ, ಮೆಲ್ಟ್‌ಡೌನ್‌ಗಾಗಿ ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಪೇಜ್ ಟೇಬಲ್ (ಮೆಮೊರಿಯ ವಿಳಾಸಪಟ್ಟಿ) ಬೇರೆಯಾಗುತ್ತದೆ, ಕೆಲವು ಕೆಲಸ ನಿಧಾನವೂ ಆಗುತ್ತದೆ. ಚಿಪ್ ಮಾತ್ರ ಅದೇ ಚಿಪ್.

>> ಪ್ರೊಸೆಸರ್ ಯಾಕೆ? ‘ಸಂಸ್ಕಾರಕ’ ಇದೆಯಲ್ಲ.

ಬೇಡ. ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಕೊಳ್ಳುವವರೂ ಮಾರುವವರೂ ಪ್ರೊಸೆಸರ್ ಅಂತಲೇ ಅನ್ನುತ್ತಾರೆ. ಇಂಗ್ಲಿಷಿನಿಂದ ಬಂದರೆ ಎರವಲು, ಸಂಸ್ಕೃತದಿಂದ ಬಂದರೆ ನಮ್ಮದು ಅನ್ನುವ ಲೆಕ್ಕ ನಾನು ಒಪ್ಪುವುದಿಲ್ಲ. ಎರಡೂ ಎರವಲೇ. ಜನರ ಬಾಯಲ್ಲಿ ಇರುವುದನ್ನು ಉಳಿಸಿಕೊಳ್ಳೋಣ.

ನೋಟಿಸ್‌ಗೆ ಹೀಗೆ ಬರೆಯಿರಿ: “ಪ್ರೊಸೆಸರ್‌ನ ಕಿಂಡಿಗಳಿಂದ ನಿಮ್ಮ ಮಾಹಿತಿ ಸೋರದಂತೆ ತಡೆ ಹಾಕುತ್ತಿದ್ದೇವೆ. ಅಪ್‌ಡೇಟ್ ಮುಗಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.” ‘ಸೋರಿಕೆಯಾಗದಂತೆ’ ಅಂತ ಸುಮ್ನೆ ಉದ್ದ ಮಾಡಬೇಡಿ.